ಲಂಬಾ ಕಬೀರ್

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹೊತ್ತಿಕೊಂಡರೆ ಈಗಿನವರು ಮೊದಲು ಕೈ ಹಾಕುವುದು ಸ್ಕ್ಯಾನರಿಗೆ. ತಪ್ಪಲ್ಲ. ಕೊನೆಯ ವರ್ಷಗಳಲ್ಲಿ ನಾನೂ ಅದನ್ನೇ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಿದವನು. ಆದರೆ ಮೊನ್ನೆ ನನ್ನ ಸ್ಕೂಟರಿನ ಆಯಿಲ್ ಬದಲಿಸಲು ಹೋಗಿದ್ದಾಗ ಪಕ್ಕದಲ್ಲಿ ಒಂದು ಹಳೆ ಕಾರು ನಿಂತಿತ್ತು. ಕೊಳ್ಳಲು ಬಂದವರು ಪಕ್ಕದಲ್ಲೇ ಇದ್ದರು. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿದ, ಪರದೆ ನೋಡಿದ, "ಏನೂ ತೊಂದರೆ ಇಲ್ಲ ಸರ್" ಅಂದ. ನಾನು ಬೆಂಚಿನ ಮೇಲೆ ಕೂತಲ್ಲಿಂದಲೇ ನೋಡುತ್ತಿದ್ದೆ. ಅವನು ಕೀ ತಿರುಗಿಸಿದಾಗ ಎಣ್ಣೆ ದೀಪ, ಅಂದರೆ ಎಂಜಿನ್ ಎಣ್ಣೆಯ ಒತ್ತಡ ತಿಳಿಸುವ ಆ ಕೆಂಪು ದೀಪ, ಹೊತ್ತಲೇ ಇಲ್ಲ. "ಅಲ್ಲಿ ಬಲ್ಬು ಉಂಟಾ ನೋಡು ಮಾರಾಯ" ಅಂದೆ. ಇರಲಿಲ್ಲ. ಯಾರೋ ಕಿತ್ತು ತೆಗೆದಿದ್ದರು.

ಆ ದಿನ ಮನೆಗೆ ಬಂದು ಇದನ್ನು ಬರೆಯಲು ಕೂತೆ. ಈ ಕೆಲಸಕ್ಕೆ ಇಳಿಯುವವರು ಓದಿಕೊಳ್ಳಲಿ, ಉಳಿದವರು ಬೇಕಾದರೆ ನಗಲಿ.

ನಾನು ಸದಾಶಿವ, ಆಟೋ ಎಲೆಕ್ಟ್ರಿಷಿಯನ್. ಊರು ಮೂಲ್ಕಿಯ ಹತ್ತಿರ, ಕೆಲಸ ಕಲಿತದ್ದು ಹಾಸನದ ಒಂದು ಗ್ಯಾರೇಜಿನಲ್ಲಿ, ಕೆಲಸ ಮಾಡಿದ್ದು ಸೌದಿಯ ಉನೈಜಾದಲ್ಲಿ. ಅಲ್ಲಿ ಊರಿನ ಹೊರಗೆ ಗ್ಯಾರೇಜುಗಳೇ ತುಂಬಿದ ಬೀದಿಗಳಿಗೆ ಸನಾಯಿಯಾ ಅನ್ನುತ್ತಾರೆ. ತೊಂಬತ್ತರ ದಶಕವೆಲ್ಲ ನನಗೆ ಕಳೆದದ್ದು ಆ ಸನಾಯಿಯಾದಲ್ಲಿ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲು ಕಾರಿನ ಹೊರಗೆ. ಸಂಬಳ ಎಷ್ಟಿತ್ತು, ಯಾವಾಗ ಏರಿತು ಎಂಬುದನ್ನು ಬರೆಯುವುದಿಲ್ಲ. ಅದನ್ನು ಕೇಳುವವರು ಮದುವೆ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತಾರೆ.

ಅಲ್ಲಿ ನನ್ನನ್ನು ಯಾರೂ ಸದಾಶಿವ ಅನ್ನಲಿಲ್ಲ. ಅರಬ್ಬರ ನಾಲಿಗೆಗೆ ಅದು ಉದ್ದವಾಯಿತು. "ಸಾದಾ" ಅಂದರು. ಅರಬ್ಬಿಯಲ್ಲೂ ಸಾದಾ ಅಂದರೆ ನಮ್ಮ ಸಾದಾನೇ, ಏನೂ ಬೆರಕೆ ಇಲ್ಲದ್ದು. ನಮ್ಮ ಗ್ಯಾರೇಜಿನ ಫೋರ್‌ಮನ್ ಇದ್ರೀಸ್ ಸುಡಾನಿನವರು. ಹೊಸ ಗಿರಾಕಿಗೆ ನನ್ನನ್ನು ತೋರಿಸಿ, "ಈ ಗ್ಯಾರೇಜಿನಲ್ಲಿ ಕಲಬೆರಕೆ ಇಲ್ಲದ್ದು ಅಂದರೆ ಇವನೊಬ್ಬ" ಎನ್ನುತ್ತಿದ್ದರು. ನಮ್ಮ ಪೆಟ್ರೋಲ್ ಡಬ್ಬದ ಮೇಲೆ ಅವರಿಗೆ ಬಹಳ ಕಾಲದಿಂದ ಸಂಶಯವಿತ್ತು.

ಮೊದಲ ದಿನದ ನನ್ನ ಪರಾಕ್ರಮವನ್ನೂ ಹೇಳಿಬಿಡುತ್ತೇನೆ. ಒಬ್ಬ ಗಿರಾಕಿ ಪಿಕಪ್ ನಿಲ್ಲಿಸಿ, ಒಳಗೆ ಬೆರಳು ತೋರಿಸಿ, "ಲಂಬಾ, ಲಂಬಾ" ಅಂದ. ನನಗೆ ಅರಬ್ಬಿ ಬಾರದು. ವೀಸಾಕ್ಕೆ ಕಾಯುತ್ತ ಮುಂಬಯಿಯಲ್ಲಿ ಕೂತಿದ್ದಾಗ ಕಲಿತ ಹಿಂದಿ ಮಾತ್ರ ಬರುತ್ತಿತ್ತು. ಹಿಂದಿಯಲ್ಲಿ ಲಂಬಾ ಅಂದರೆ ಉದ್ದ. ಹೋಗಿ ಉದ್ದದ ಸ್ಕ್ರೂಡ್ರೈವರ್ ತಂದೆ. ಅವನು ತಲೆ ಅಲ್ಲಾಡಿಸಿ ಮತ್ತೆ "ಲಂಬಾ" ಅಂದ. ಅದಕ್ಕಿಂತ ಉದ್ದದ್ದು ತಂದೆ. ಅವನ ಸ್ವರ ಏರಿತು. ಕೊನೆಗೆ ನಾನು ಜಾಕಿಯ ರಾಡನ್ನೇ ಹೆಗಲಿಗೇರಿಸಿಕೊಂಡು ಬಂದೆ. ಅವನು ಗಾಜು ಏರಿಸಿ ಬಾಗಿಲು ಲಾಕ್ ಮಾಡಿಕೊಂಡ. ಇದ್ರೀಸ್ ಬಂದು ನನ್ನ ಕೈಯಿಂದ ರಾಡ್ ತೆಗೆದಿಟ್ಟು, ಒಂದು ಬಲ್ಬು ಹಿಡಿದು ತೋರಿಸಿ, "ಲಂಬಾ" ಅಂದರು. ಅರಬ್ಬಿಯಲ್ಲಿ ಲಂಬಾ ಅಂದರೆ ದೀಪದ ಬಲ್ಬು. ನನ್ನ ಹೊಟ್ಟೆಪಾಡಿನ ಮೊದಲ ಅರಬ್ಬಿ ಪದ ಅದು.

ಇದ್ರೀಸ್ ಬಗ್ಗೆ ಸ್ವಲ್ಪ ಹೇಳಬೇಕು. ಅಂಥ ಮೇಲಾಳು ಎಲ್ಲರಿಗೂ ಸಿಗುವುದಿಲ್ಲ. ಬೆಳಗ್ಗೆ ಮೊದಲ ಲೋಟ ಚಹಾ ಮುಗಿಯುವವರೆಗೆ ಅವರು ಮಾತಾಡುತ್ತಿರಲಿಲ್ಲ, ಮಾಲೀಕ ಬಂದರೂ ಅಷ್ಟೇ. ಬೈಯುವುದು ಕಡಿಮೆ. ಆದರೆ ತಪ್ಪು ಕೆಲಸ ಮಾಡಿದರೆ ನಮ್ಮ ಎದುರೇ ಅದನ್ನು ಪೂರ್ತಿ ಬಿಚ್ಚಿ, ಏನೂ ಹೇಳದೆ, ಸಾಮಾನುಗಳನ್ನು ಬಟ್ಟೆಯ ಮೇಲೆ ಜೋಡಿಸಿಟ್ಟು ಹೋಗುತ್ತಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಅವರು ನನಗೆ ಕಲಿಸಿದ ದೊಡ್ಡ ಪಾಠ ಎಣ್ಣೆ ದೀಪದ್ದು. ಕೀ ತಿರುಗಿಸಿದ ಕೂಡಲೇ ಆ ಕೆಂಪು ದೀಪ ಹೊತ್ತಬೇಕು. ಎಂಜಿನ್ ಶುರುವಾಗಿ ಒಳಗೆ ಎಣ್ಣೆಗೆ ಒತ್ತಡ ಬಂದ ಮೇಲೆ ಆರಬೇಕು. ಓಡುವಾಗ ಮತ್ತೆ ಹೊತ್ತಿತೋ, ಗಾಡಿ ಅಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಎಂಜಿನ್ ಹೋಯಿತು. ಇದನ್ನೆಲ್ಲ ಮಾಡಿಸುವುದು ಎಂಜಿನ್ನಿಗೆ ಕೂರಿಸಿದ ಒಂದು ಪುಟ್ಟ ಸ್ವಿಚ್ಚು ಮತ್ತು ಅದರಿಂದ ದೀಪಕ್ಕೆ ಹೋಗುವ ಒಂದೇ ಒಂದು ವೈರು. ಕೀ ಹಾಕಿ ಆ ವೈರನ್ನು ಕಿತ್ತರೆ ದೀಪ ಆರಬೇಕು. ಹಳೆ ಕಾರು ಪರೀಕ್ಷಿಸುವವರೆಲ್ಲ ದೀಪ ಹೊತ್ತುತ್ತದೋ ಎಂದು ನೋಡಿ ತೃಪ್ತರಾಗುತ್ತಾರೆ. ಇದ್ರೀಸ್ ಹೇಳುತ್ತಿದ್ದರು, "ಹೊತ್ತುವುದನ್ನು ಯಾರಾದರೂ ನೋಡುತ್ತಾರೆ ಸಾದಾ. ನೀನು ಅದನ್ನು ಆರಿಸಿ ನೋಡು. ಸರಿಯಾದ ಕಾರಣಕ್ಕೆ ಆರಿದರೆ ಮಾತ್ರ ಅದು ದೀಪ."

ಎಲ್ಲ ದೀಪವೂ ಅಷ್ಟು ಗಂಭೀರವಾಗಿರುತ್ತಿರಲಿಲ್ಲ. ಉನೈಜಾ ಖರ್ಜೂರದ ಊರು. ಸುಗ್ಗಿಯಲ್ಲಿ ಸನಾಯಿಯಾದ ಗಾಳಿಯೂ ಸಿಹಿ. ಒಬ್ಬ ರೈತನ ಪಿಕಪ್ಪಿನಲ್ಲಿ ಬ್ರೇಕಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಬೇರೆ ಗ್ಯಾರೇಜಿನವರು ಬ್ರೇಕಿನ ಸಿಲಿಂಡರನ್ನೇ ಬದಲಿಸಿದ್ದರು, ದೀಪ ಅಲ್ಲಾಡಲಿಲ್ಲ. ನಾನು ಹ್ಯಾಂಡ್‌ಬ್ರೇಕಿನ ಬುಡಕ್ಕೆ ಕೈ ಹಾಕಿದೆ, ಬೆರಳು ಅಂಟಿಕೊಂಡಿತು. ಮೂಸಿದೆ, ಆಮೇಲೆ ನೆಕ್ಕಿದೆ. ಜೇನಿನ ಹಾಗೆ ಇತ್ತು. ಆತ ಸೀಟಿನ ಪಕ್ಕದಲ್ಲೇ ಖರ್ಜೂರದ ಡಬ್ಬ ಇಟ್ಟು ಓಡಾಡಿದ್ದ. ಅದರ ಪಾಕ ಇಳಿದು ಹ್ಯಾಂಡ್‌ಬ್ರೇಕಿನ ಸ್ವಿಚ್ಚು ಗಟ್ಟಿಯಾಗಿ ಕೂತುಬಿಟ್ಟಿತ್ತು. ಬಿಸಿನೀರಿನಲ್ಲಿ ತೊಳೆದೆ, ದೀಪ ಆರಿತು. ಎಲ್ಲಿ ಕಲಿತೆ ಎಂದು ರೈತ ಕೇಳಿದ. ನಮ್ಮೂರಲ್ಲಿ ಬೆಲ್ಲದ ಗಾಡಿಗೂ ಇದೇ ಕಾಯಿಲೆ ಬರುತ್ತದೆ ಅಂದೆ. ಅದು ಸುಳ್ಳು, ಆದರೆ ಹೇಳಲು ಚೆನ್ನಾಗಿತ್ತು.

ದಶಕದ ನಡುವೆ ಕಂಪ್ಯೂಟರ್ ಇರುವ ಕಾರುಗಳು ಹೆಚ್ಚಾದವು. ಆಗ ಸ್ಕ್ಯಾನರ್ ಇದ್ದದ್ದು ದೊಡ್ಡ ಶೋರೂಮುಗಳಲ್ಲಿ ಮಾತ್ರ. ನಮ್ಮ ಹತ್ತಿರ ಕಾಗದ ಸಿಕ್ಕಿಸುವ ಕ್ಲಿಪ್ ಇತ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿನಲ್ಲಿ ಗೊತ್ತಿದ್ದ ಎರಡು ತೂತುಗಳಿಗೆ ಆ ಕ್ಲಿಪ್ಪನ್ನು ಬಗ್ಗಿಸಿ ಚುಚ್ಚಿದರೆ ಎಂಜಿನ್ ದೀಪ ತಾನಾಗಿಯೇ ಮಿಣುಕುತ್ತಿತ್ತು. ಎಷ್ಟು ಸಲ ಮಿಣುಕಿತು, ಎಲ್ಲಿ ನಿಂತಿತು ಎಂದು ಎಣಿಸಿ ರೋಗ ತಿಳಿಯಬೇಕು. ನಾನು ಎಣಿಸುತ್ತಿದ್ದುದು ತುಳುವಿನಲ್ಲಿ, ಗಟ್ಟಿಯಾಗಿ, "ಒಂಜಿ, ರಡ್ಡ್, ಮೂಜಿ." ಒಬ್ಬ ಮುದುಕ ಗಿರಾಕಿ ಇದನ್ನು ಕೇಳಿ, ಈ ಹಿಂದೂಸ್ತಾನದ ಮನುಷ್ಯ ಕಾರಿಗೆ ಮಂತ್ರ ಹಾಕುತ್ತಾನೆ ಎಂದು ಹೆದರಿ ಹೊರಗೆ ಹೋಗಿ ನಿಂತ. ಅಂದಿನಿಂದ ಮನಸ್ಸಿನಲ್ಲೇ ಎಣಿಸತೊಡಗಿದೆ.

ಆದರೆ ನನ್ನ ವೃತ್ತಿಯಲ್ಲಿ ಒಂದೇ ಒಂದು ಕೆಲಸ ನೆನಪಿಟ್ಟುಕೊಂಡರೆ ಸಾಕು ಎಂದು ಯಾರಾದರೂ ಹೇಳಿದರೆ ನಾನು ಇವುಗಳಲ್ಲಿ ಯಾವುದನ್ನೂ ಆರಿಸುವುದಿಲ್ಲ. ಪುಟ್ಟಸ್ವಾಮಿಯವರ ಪ್ರಕರಣವನ್ನು ಆರಿಸುತ್ತೇನೆ.

ಪುಟ್ಟಸ್ವಾಮಿ ಚನ್ನರಾಯಪಟ್ಟಣದ ಕಡೆಯವರು. ನನಗಿಂತ ಸ್ವಲ್ಪ ಹಿರಿಯರು. ಊರಲ್ಲಿ ಲಾರಿ ಓಡಿಸಿದ್ದವರು, ಉನೈಜಾದ ಒಬ್ಬ ಖರ್ಜೂರ ವ್ಯಾಪಾರಿಯ ಮನೆಗೆ ಡ್ರೈವರಾಗಿ ಬಂದಿದ್ದರು. ಆ ವ್ಯಾಪಾರಿಯನ್ನು ಎಲ್ಲರೂ ಅಬೂ ಸಾಲಿಹ್ ಅನ್ನುತ್ತಿದ್ದರು. ಪುಟ್ಟಸ್ವಾಮಿಗೆ ಅವರೇ ಕಫೀಲ್. ಅಂದರೆ ವೀಸಾ ಕೊಟ್ಟವರು, ಇಟ್ಟುಕೊಳ್ಳುವವರು, ಬೇಡವಾದರೆ ಊರಿಗೆ ಕಳಿಸುವವರು. ಬಂದು ಕೆಲವೇ ತಿಂಗಳಾಗಿತ್ತು. ಅರಬ್ಬಿ ಅಂದರೆ ಹತ್ತಿಪ್ಪತ್ತು ಪದ, ಅದರಲ್ಲೂ ಅರ್ಧ ಹಿಂದಿ. ಶುಕ್ರವಾರ ಸಂಜೆ ನಮ್ಮ ಕೋಣೆಗೆ ಬಂದು ಕೂರುತ್ತಿದ್ದರು. ನಾವು ಕರಾವಳಿಯವರು "ಎಂತ" ಅಂದರೆ ಅವರು ನಗುತ್ತಿದ್ದರು, ಅವರು "ಕಣಣ್ಣ" ಅಂದರೆ ನಾವು ನಗುತ್ತಿದ್ದೆವು.

ಒಂದು ಬೇಸಿಗೆ ಬೆಳಗ್ಗೆ ಅಬೂ ಸಾಲಿಹರ ದೊಡ್ಡ ಅಮೆರಿಕನ್ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದರು. ಹಿಂದಿನ ದಿನ ಪುಟ್ಟಸ್ವಾಮಿ ಆ ಕಾರಿನಲ್ಲಿ ಅಬೂ ಸಾಲಿಹರ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆಂದು ರಿಯಾದಿಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯ ನಡುವೆ ಎಂಜಿನ್ ಕಚ್ಚಿ ನಿಂತುಬಿಟ್ಟಿತು. ಕಣ್ಣು ಮಂಜಾದ ಆ ಮುದುಕಿ, ಜೊತೆಗೆ ಬಂದಿದ್ದ ಮೊಮ್ಮಗಳು, ಇವರು, ಸುತ್ತ ಮರಳು. ಯಾವುದೋ ಟ್ರಕ್ಕಿನವರು ನಿಲ್ಲಿಸಿ ನೆರಳು ಕೊಡುವವರೆಗೆ ಬಹಳ ಹೊತ್ತು ಬಿಸಿಲಿನಲ್ಲೇ ಇದ್ದರಂತೆ. ಮುದುಕಿ ಜ್ವರ ಬಂದು ಮಲಗಿದ್ದರು.

ಇದ್ರೀಸ್ ಎಂಜಿನ್ನಿನ ತಳ ಬಿಚ್ಚಿದರು. ಎಣ್ಣೆ ಸರಿಯಾಗೇ ಇತ್ತು. ಆದರೆ ಒಳಗೆ ಎಣ್ಣೆ ಹೀರುವ ಜರಡಿ ಕೆಸರಿನಿಂದ ಕಟ್ಟಿಹೋಗಿತ್ತು. ಎಣ್ಣೆ ಇದೆ, ಒತ್ತಡ ಇಲ್ಲ. ಬೇರಿಂಗುಗಳು ಸುಟ್ಟಿದ್ದವು. ಇಷ್ಟಾಗಬೇಕಾದರೆ ಎಣ್ಣೆ ದೀಪ ಬಹಳ ಹೊತ್ತು ಕೆಂಪಗೆ ಕಂಡಿರಬೇಕು. ಅದನ್ನು ನೋಡಿಯೂ ಗಾಡಿ ಓಡಿಸಿದವನು ಡ್ರೈವರ್ ಎಂದು ಎಲ್ಲರಿಗೂ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಅಬೂ ಸಾಲಿಹ್ ತಮ್ಮ ಪಿಕಪ್ಪನ್ನು ತಾವೇ ಓಡಿಸಿಕೊಂಡು ಬಂದರು. ಪಕ್ಕದಲ್ಲಿ ಪುಟ್ಟಸ್ವಾಮಿ, ಹಿಂದೆ ಅವರ ಬಟ್ಟೆಯ ಚೀಲ. ಚೀಲ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇಲ್ಲಿಂದ ನೇರ ಬಸ್ಸಿಗೆ, ಅಲ್ಲಿಂದ ವಿಮಾನಕ್ಕೆ. ಎಂಜಿನ್ ಹೋದದ್ದಕ್ಕೆ ಅವರಿಗೆ ಅಷ್ಟು ಸಿಟ್ಟಿರಲಿಲ್ಲ. "ಅವನು ನನ್ನ ತಾಯಿಯನ್ನು ಬೆಂಕಿಯಲ್ಲಿ ಕೂರಿಸಿದ" ಎಂದು ಇದ್ರೀಸರಿಗೆ ಹೇಳಿದರು. ಆ ಮನುಷ್ಯ ಕೆಟ್ಟವರಲ್ಲ. ತಾಯಿಯ ವಿಷಯಕ್ಕೆ ಬಂದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಅವರು ಕಾರಿನ ಕೀ ತಿರುಗಿಸಿದರು. ಎಣ್ಣೆ ದೀಪ, ಅದರ ಪಕ್ಕದ ಬ್ಯಾಟರಿ ದೀಪ, ಎರಡೂ ಕೆಂಪಗೆ ಹೊತ್ತಿಕೊಂಡವು.

"ನೋಡು, ದೀಪ ಜೀವಂತ ಇದೆ" ಅಂದರು ಅಬೂ ಸಾಲಿಹ್. "ಹೊತ್ತಿತ್ತು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಬೇಕಾದರೆ ನೀನೇ ಕೇಳು."

ಇದ್ರೀಸ್ ಪುಟ್ಟಸ್ವಾಮಿಯ ಕಡೆ ತಿರುಗಿ, ದೀಪ ಹೇಗಿತ್ತು ಎಂದು ಸರಳ ಅರಬ್ಬಿಯಲ್ಲಿ ಕೇಳಿದರು. ಪುಟ್ಟಸ್ವಾಮಿ ಎದೆಗೆ ಕೈ ಇಟ್ಟುಕೊಂಡು ತಮಗೆ ಬಂದ ಅರಬ್ಬಿಯಲ್ಲಿ ಹೇಳಿದರು, "ಅನಾ ಶಗ್ಗಲ್, ಲಂಬಾ ಕಬೀರ್. ಕುಲ್ಲು ತರೀಕ್ ಲಂಬಾ ಕಬೀರ್."

ಅಂದರೆ, ನಾನು ಸ್ಟಾರ್ಟ್ ಮಾಡಿದೆ, ದೀಪ ದೊಡ್ಡದು. ದಾರಿಯುದ್ದಕ್ಕೂ ದೀಪ ದೊಡ್ಡದು.

ಇದ್ರೀಸ್ ನೆಲ ನೋಡಿದರು. ಅಬೂ ಸಾಲಿಹ್ ಕೈ ಚೆಲ್ಲಿದರು. ಇನ್ನೇನು ಬೇಕು? ಡ್ರೈವರೇ ತನ್ನ ಬಾಯಲ್ಲಿ, ದೀಪ ದಗದಗ ಅಂತಿತ್ತು, ಆದರೂ ಓಡಿಸಿದೆ ಎನ್ನುತ್ತಿದ್ದಾನೆ. ಪುಟ್ಟಸ್ವಾಮಿ ಮಾತ್ರ ನಿರಪರಾಧಿಯ ಮುಖ ಮಾಡಿಕೊಂಡು, ಈಗಲಾದರೂ ಇವರಿಗೆ ಅರ್ಥವಾಯಿತಲ್ಲ ಎನ್ನುವ ಹಾಗೆ ನಿಂತಿದ್ದರು.

ಆ "ಕಬೀರ್" ನನ್ನ ಕಿವಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಹಾಸನದಲ್ಲಿ ಗ್ಯಾರೇಜಿನ ಮಾಲೀಕರ ಮನೆಯ ಜಗಲಿಯಲ್ಲೇ ನನಗೆ ಮಲಗುವ ಜಾಗ. ಕರೆಂಟು ಹೋದ ಒಂದು ಸಂಜೆ, ಅದು ಮತ್ತೆ ಬಂದಾಗ, ಮಾಲೀಕರ ತಾಯಿ ಒಳಗಿನಿಂದ, "ಸದಾ, ದೀಪ ದೊಡ್ಡದು ಮಾಡಪ್ಪ" ಅಂದಿದ್ದರು. ನಾನು ಸೀಮೆಎಣ್ಣೆ ದೀಪದ ಬತ್ತಿಯನ್ನು ಸರಿಯಾಗಿ ಏರಿಸಿದೆ. ಗಾಜೆಲ್ಲ ಕಪ್ಪಾಯಿತು. ಅವರು ಬಂದು ತಲೆ ತಲೆ ಚಚ್ಚಿಕೊಂಡರು. ದೀಪ ಆರಿಸು ಎಂದು ಬಾಯಿ ಬಿಟ್ಟು ಹೇಳುವುದು ಅಶುಭ. ಅದಕ್ಕೆ ದೊಡ್ಡದು ಮಾಡು ಅನ್ನುವುದು.

ನಾನು ಪುಟ್ಟಸ್ವಾಮಿಯನ್ನು ಕನ್ನಡದಲ್ಲಿ ಕೇಳಿದೆ, "ದೀಪ ಎಂತ ಆಯ್ತು, ಸರಿಯಾಗಿ ಹೇಳಿ ಮಾರಾಯ್ರೆ."

"ದೊಡ್ಡದಾಯ್ತು ಕಣಣ್ಣ. ಕೀ ಹಾಕ್ದಾಗ ಬಂತು, ಗಾಡಿ ಶುರುವಾದ್ಮೇಲೆ ದೊಡ್ಡದಾಯ್ತು. ಆಮೇಲೆ ದಾರೀಲಿ ಬರ್ಲೇ ಇಲ್ಲ."

"ದೊಡ್ಡದಾಯ್ತು ಅಂದ್ರೆ ಆರಿತು ಅಂತಲಾ?"

ಅವರು ಮುಖ ಹಿಂಡಿದರು. "ಆ ಮಾತು ಯಾಕೆ ಬಾಯಲ್ಲಿ ತರ್ತೀರಣ್ಣ? ಹೇಳೀ ಕೇಳೀ ಕಣ್ಣು ಕಾಣದ ಅಜ್ಜಿ, ಅವರ ಮಗನ ಮುಂದೆ ನಿಂತ್ಕೊಂಡು ದೀಪದ ಬಗ್ಗೆ ಹಂಗನ್ನೋಕೆ ಆಗುತ್ತಾ?"

ನನಗೆ ನಗು ಬಂತು. ಆದರೆ ಆ ಅಜ್ಜಿಗೆ ಕೆಡುಕಾಗಬಾರದು ಎಂದು ಆಡಿದ ಮಾತೇ ಇವರನ್ನು ಊರಿಗೆ ಅಟ್ಟುತ್ತಿತ್ತು.

ನಾನು ಅಬೂ ಸಾಲಿಹರಿಗೆ ವಿವರಿಸಿದೆ. ನಮ್ಮ ನಾಡಿನಲ್ಲಿ ದೀಪ ಸತ್ತಿತು, ಆರಿತು ಎನ್ನುವುದು ಕೆಟ್ಟದ್ದು. ಆರಿದರೆ ದೊಡ್ಡದಾಯಿತು ಅನ್ನುತ್ತೇವೆ. ಇವರು ಹೇಳುತ್ತಿರುವುದು ದಾರಿಯುದ್ದಕ್ಕೂ ದೀಪ ಇರಲಿಲ್ಲ ಎಂದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆರಿದ್ದಕ್ಕೆ ದೊಡ್ಡದು ಅನ್ನುತ್ತಾರಾ? ಹುಚ್ಚರಾ ನೀವು? ಇಬ್ಬರೂ ಒಂದೇ ದೇಶದವರು, ನೀನು ಅವನಿಗೆ ಮಾತು ಹೊಲಿದು ಕೊಡುತ್ತಿದ್ದೀ."

ಆಗ ಇದ್ರೀಸ್ ನಿಧಾನವಾಗಿ ಕೇಳಿದರು, "ಅಬೂ ಸಾಲಿಹ್, ಕಣ್ಣು ಕಾಣದವನನ್ನು ನಾವು ಏನೆಂದು ಕರೆಯುತ್ತೇವೆ?"

ಅಬೂ ಸಾಲಿಹ್ ಗಡ್ಡ ನೀವಿಕೊಂಡರು. ಅರಬ್ಬಿಯಲ್ಲಿ ಕುರುಡನಿಗೆ ಗೌರವದಿಂದ ಬಸೀರ್ ಅನ್ನುತ್ತಾರೆ. ಬಸೀರ್ ಅಂದರೆ ಚೆನ್ನಾಗಿ ಕಾಣುವವನು. ತಮ್ಮ ತಾಯಿಯ ಬಗ್ಗೆ ನೆರೆಯವರು ಹಾಗೆ ಹೇಳುವುದನ್ನು ಅವರು ದಿನಾ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ನಾನು ಇದ್ರೀಸರಿಗೆ ಸಾಯುವವರೆಗೂ ಋಣಿ.

ಆದರೆ ವ್ಯಾಪಾರಿ ವ್ಯಾಪಾರಿಯೇ. ಅಬೂ ಸಾಲಿಹ್ ಮತ್ತೆ ಕಾರಿನ ಕೀ ತಿರುಗಿಸಿದರು. ದೀಪ ಹೊತ್ತಿತು. "ಮಾತು ಇರಲಿ. ಈ ದೀಪ ನನ್ನ ಕಣ್ಣಿಗೆ ಹೊತ್ತುತ್ತಿದೆ. ಒತ್ತಡ ಇಲ್ಲದಾಗ ಅವನ ಕಣ್ಣಿಗೆ ಯಾಕೆ ಹೊತ್ತಲಿಲ್ಲ?"

ಪ್ರಶ್ನೆ ಸರಿಯಾಗಿತ್ತು. ಮಾತಿನಿಂದ ಅದಕ್ಕೆ ಉತ್ತರ ಸಿಗುವುದಿಲ್ಲ, ವೈರಿನಿಂದ ಸಿಗಬೇಕು. ಪುಟ್ಟಸ್ವಾಮಿ ಸುಳ್ಳು ಹೇಳುವವರಲ್ಲ ಎಂಬುದು ನನಗೆ ಗೊತ್ತು, ಆದರೆ ತೂಕಡಿಸಿರಬಹುದು, ಬಿಸಿಲಿಗೆ ದೀಪ ಕಾಣದೆ ಹೋಗಿರಬಹುದು. ನಾನು ಪರೀಕ್ಷೆ ಮಾಡಿ ದೀಪ ಸರಿ ಇದೆ ಎಂದಾದರೆ ಅವರಿಗೆ ಉಳಿದಿದ್ದ ಒಂದು ಸಂಶಯದ ಲಾಭವೂ ಹೋಗುತ್ತಿತ್ತು.

"ನಾನು ಕಾರು ಮುಟ್ಟುವುದಿಲ್ಲ" ಅಂದೆ. "ನೀವು ಕೂತು ದೀಪ ನೋಡಿ. ಇದ್ರೀಸ್ ವೈರ್ ತೆಗೆಯಲಿ. ಮೊದಲು ನಿಮ್ಮ ಪಿಕಪ್ಪಿನಲ್ಲಿ."

ಪಿಕಪ್ಪಿನ ಕೀ ಹಾಕಿಸಿದೆ. ಎಣ್ಣೆ ದೀಪ ಹೊತ್ತಿತು. ಇದ್ರೀಸ್ ಬಾನೆಟ್ ಎತ್ತಿ ಎಣ್ಣೆ ಸ್ವಿಚ್ಚಿನ ವೈರ್ ಕಿತ್ತರು. ದೀಪ ಆರಿತು. ಮತ್ತೆ ಸಿಕ್ಕಿಸಿದರು, ಹೊತ್ತಿತು. ಅಬೂ ಸಾಲಿಹರೇ ಇನ್ನೊಮ್ಮೆ ಮಾಡಿಸಿ ನೋಡಿದರು. ಹೀಗೆ ಆಗಬೇಕು ಎಂಬುದು ಅವರಿಗೆ ಮನದಟ್ಟಾಯಿತು.

ಆಮೇಲೆ ಕಾರಿನಲ್ಲಿ ಕೂತರು. ಕೀ ತಿರುಗಿಸಿದರು. ಇದ್ರೀಸ್ ಎಂಜಿನ್ನಿನ ಮೇಲೆ ಬಗ್ಗಿದರು. ನಾನು ಪುಟ್ಟಸ್ವಾಮಿಯ ಪಕ್ಕ ನಿಂತಿದ್ದೆ. ಅವರು ಏನು ನಡೆಯುತ್ತಿದೆ ಎಂದು ತಿಳಿಯದೆ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು.

"ತೆಗಿ" ಅಂದರು ಅಬೂ ಸಾಲಿಹ್.

"ತೆಗೆದೆ" ಅಂದರು ಇದ್ರೀಸ್.

"ಇಲ್ಲ, ತೆಗಿ. ದೀಪ ಇನ್ನೂ ಇದೆ."

ಇದ್ರೀಸ್ ಕಿತ್ತ ವೈರನ್ನು ಬಾನೆಟ್ಟಿನ ಪಕ್ಕದಿಂದ ಎತ್ತಿ ಹಿಡಿದು ತೋರಿಸಿದರು. ಅಬೂ ಸಾಲಿಹ್ ವೈರು ನೋಡಿದರು, ದೀಪ ನೋಡಿದರು, ಮತ್ತೆ ವೈರು ನೋಡಿದರು. ದೀಪ ಕೆಂಪಗೆ ಹೊತ್ತಿಕೊಂಡೇ ಇತ್ತು. ಅದಕ್ಕೂ ಎಂಜಿನ್ನಿನ ಎಣ್ಣೆಗೂ ಯಾವ ಸಂಬಂಧವೂ ಇರಲಿಲ್ಲ.

ನನಗೆ ಈಗ ಉಳಿದದ್ದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ತಿಳಿಯಿತು. "ಆಲ್ಟರ್ನೇಟರಿನ ವೈರ್ ತೆಗೀರಿ" ಅಂದೆ. ಬ್ಯಾಟರಿಗೆ ಚಾರ್ಜು ಕೊಡುವ ಆ ಯಂತ್ರದ ವೈರು ಬ್ಯಾಟರಿ ದೀಪಕ್ಕೆ ಮಾತ್ರ ಸಂಬಂಧಿಸಿದ್ದು. ಇದ್ರೀಸ್ ಅದನ್ನು ಕಿತ್ತರು. ಬ್ಯಾಟರಿ ದೀಪ ಆರಿತು. ಅದರ ಜೊತೆಗೇ ಎಣ್ಣೆ ದೀಪವೂ ಆರಿತು.

ನಾನು ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದೆ. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಣ್ಣೆ ದೀಪದ ವೈರನ್ನು ಕತ್ತರಿಸಿ, ಬ್ಯಾಟರಿ ದೀಪದ ವೈರಿಗೆ ಹೆಣೆದು, ಕಪ್ಪು ಟೇಪು ಸುತ್ತಿದ್ದರು. ಬ್ಯಾಟರಿ ದೀಪವೂ ಕೀ ಹಾಕಿದಾಗ ಹೊತ್ತಿ ಎಂಜಿನ್ ಶುರುವಾದಾಗ ಆರುತ್ತದೆ. ಅದರ ಬಾಲ ಹಿಡಿದು ಎಣ್ಣೆ ದೀಪವೂ ಹಾಗೇ ಮಾಡುತ್ತಿತ್ತು. ನೋಡುವವರಿಗೆ ಎಲ್ಲ ಸರಿ. ಒಳಗೆ ಎಣ್ಣೆಯ ಒತ್ತಡ ಸತ್ತುಹೋದರೂ ದೀಪ ತಣ್ಣಗೆ ಮಲಗಿರುತ್ತದೆ. ಬಲ್ಬು ಕೀಳುವುದು ದಡ್ಡ ಕಳ್ಳರ ಕೆಲಸ. ಇದನ್ನು ಮಾಡಿದವನಿಗೆ ನಮ್ಮ ವಿದ್ಯೆ ಬರುತ್ತಿತ್ತು. ಅದಕ್ಕೇ ನನಗೆ ಅವನ ಮೇಲೆ ಇನ್ನೂ ಸಿಟ್ಟು.

"ಈ ಕಾರು ಎಲ್ಲಿ ತೆಗೆದುಕೊಂಡಿರಿ?" ಇದ್ರೀಸ್ ಕೇಳಿದರು.

"ಹರಾಜ್" ಅಂದರು ಅಬೂ ಸಾಲಿಹ್. ಅರಬ್ಬಿಯ ಹರಾಜ್ ನಮ್ಮ ಹರಾಜೇ. ಹಳೆ ಕಾರುಗಳನ್ನು ಕೂಗಿ ಮಾರುವ ಮೈದಾನ. "ನಾನೇ ಕೀ ಹಾಕಿ ನೋಡಿದೆ. ದೀಪ ಹೊತ್ತಿತು, ಆರಿತು. ನಾನೇ ನೋಡಿದೆ."

ಅವರು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು. ಬಿಸಿಲಿಗೆ ಮಾಡಿನ ತಗಡು ಚಟಚಟ ಅನ್ನುತ್ತಿತ್ತು. ನಾನು ಪುಟ್ಟಸ್ವಾಮಿಗೆ ಕನ್ನಡದಲ್ಲಿ ವಿಷಯ ಹೇಳಿದೆ. ಅವರು ಹೆಗಲ ಮೇಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡರು, ಅಷ್ಟೇ.

ಅಬೂ ಸಾಲಿಹ್ ಕಾರಿನಿಂದ ಇಳಿದು ನೇರ ಪುಟ್ಟಸ್ವಾಮಿಯ ಎದುರು ಬಂದು ನಿಂತರು. ಎರಡೂ ಕೈ ಎತ್ತಿ ಅವರ ತಲೆಯನ್ನು ಹಿಡಿದರು. ಪುಟ್ಟಸ್ವಾಮಿ ಏಟು ಬೀಳುತ್ತದೆ ಎಂದುಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿ ಹೆಗಲು ಕುಗ್ಗಿಸಿದರು. ಅಬೂ ಸಾಲಿಹ್ ಬಗ್ಗಿ, ಬೆವರಿದ ಆ ನೆತ್ತಿಗೆ ಮುತ್ತಿಟ್ಟರು. ಆ ಕಡೆಯವರು ಹಿರಿಯರ ತಲೆಗೆ ಮುತ್ತಿಡುತ್ತಾರೆ. ಅನ್ಯಾಯ ಮಾಡಿದವನು ಕ್ಷಮೆ ಕೇಳುವಾಗಲೂ ಹಾಗೇ. ಕಫೀಲನೊಬ್ಬ ತನ್ನ ಡ್ರೈವರಿಗೆ, ಅದೂ ನಾಲ್ಕು ಜನರ ಎದುರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ನನಗೆ ಅಳು ಬಂತು. ಹೇಳಲು ನಾಚಿಕೆ ಏನಿಲ್ಲ.

ಇವತ್ತು ಈ ಕೆಲಸಕ್ಕೆ ಬರುವವರಿಗೆ ನಾನು ಇಷ್ಟೇ ಹೇಳುವುದು. ನಿಮ್ಮ ಸ್ಕ್ಯಾನರ್ ನನ್ನ ಕ್ಲಿಪ್ಪಿಗಿಂತ ಸಾವಿರ ಪಾಲು ಜಾಣ. ಆದರೆ ಅದು ಹೇಳುವುದು ಕಾರು ಅದಕ್ಕೆ ಹೇಳಿದ್ದನ್ನು ಮಾತ್ರ. ನಡುವೆ ಯಾರೋ ಟೇಪು ಸುತ್ತಿಟ್ಟಿದ್ದರೆ ಅದನ್ನು ಕೈಯಿಂದಲೇ ಮುಟ್ಟಿ ನೋಡಬೇಕು. ಗಿರಾಕಿ ಆಡಿದ ಮಾತನ್ನೂ ಹಾಗೇ. ಉನೈಜಾದ ಸನಾಯಿಯಾದಲ್ಲಿ ಅವತ್ತು ದೀಪವನ್ನೂ ಮಾತನ್ನೂ ಒಟ್ಟಿಗೆ ಓದಬಲ್ಲವನು ನಾನೊಬ್ಬನೇ ಇದ್ದೆ. ಇದನ್ನು ಜಂಬ ಎಂದರೆ ಜಂಬವೇ ಸರಿ.

ಮುತ್ತಿಟ್ಟದ್ದು ಯಾಕೆಂದು ಪುಟ್ಟಸ್ವಾಮಿಗೆ ಗೊತ್ತಾಗಲಿಲ್ಲ. "ಏನಂತಣ್ಣ ಇದು?" ಎಂದು ನನ್ನನ್ನು ಪಿಸುಗುಟ್ಟಿ ಕೇಳಿದರು.

"ತಪ್ಪಾಯ್ತು ಅಂತ ಹೇಳ್ತಾ ಇದ್ದಾರೆ."

"ಅಯ್ಯೋ, ಹಂಗಾದ್ರೆ ನಾನೇನ್ ಹೇಳ್ಬೇಕು?"

ನಾನು ಉತ್ತರ ಕೊಡುವ ಮೊದಲೇ ಅಬೂ ಸಾಲಿಹ್ ಪಿಕಪ್ಪಿನ ಕಡೆ ಹೊರಟಿದ್ದರು. ಬರುವಾಗ ತಾವೇ ಓಡಿಸಿಕೊಂಡು ಬಂದವರು ಡ್ರೈವರ್ ಸೀಟಿನ ಬಾಗಿಲಿಗೆ ಹೋಗಲಿಲ್ಲ. ಆ ಕಡೆ ಸುತ್ತಿ ಹೋಗಿ, ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡರು. ಕೀಯನ್ನು ಕಿಟಕಿಯಿಂದ ಹೊರಗೆ ಚಾಚಿ, "ಯಲ್ಲಾ, ಹೊರಡು, ತಾಯಿ ಕಾಯುತ್ತಿದ್ದಾಳೆ" ಎಂದು ಪುಟ್ಟಸ್ವಾಮಿಯನ್ನು ಕರೆದರು.